ಬಿಸಿಯಲ್ಲೇ ಕಟ್ಟಿದ ಹಾಳೆ ತಟ್ಟೆ

ಅತ್ತಿಗೆ,

ನಿಮ್ಮನ್ನು ಎಬ್ಬಿಸಲಿಲ್ಲ. ಮೊದಲ ಬಸ್ಸಿಗೆ ಶಿವಮೊಗ್ಗದ ಕೋಟೆ ರಸ್ತೆಗೆ ಹೋಗುತ್ತಿದ್ದೇನೆ.

ಮೊನ್ನೆ ನೀವು ಅಡಿಕೆ ಹಾಳೆಯ ತಟ್ಟೆಗಳನ್ನು ಬಿಸಿಲಿಗೆ ಹಾಕದೆ, ಅಚ್ಚಿನಿಂದ ತೆಗೆದ ಬಿಸಿಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದನ್ನು ನೋಡಿದೆ. ಮನೆಗೆ ಬಂದಿದ್ದ ನಿಮ್ಮ ತವರಿನವರ ಎದುರು ಹೇಗೆ ಹೇಳಲಿ ಎಂದು ಸುಮ್ಮನಾದೆ. ಇಲ್ಲಿ ಉಳಿದ ಕಟ್ಟನ್ನು ಈಗ ಬಿಚ್ಚಿದರೆ ಪೂರಾ ಬೂಷ್ಟು. ಇವತ್ತು ಮಧ್ಯಾಹ್ನ ಕೋಟೆ ರಸ್ತೆಯ ಗಿರಾಕಿಗಳ ಮನೆಯ ನಾಮಕರಣದ ಊಟಕ್ಕೆ ನಾವು ಕಳಿಸಿರುವುದೂ ಇದೇ ತಟ್ಟೆ. ಅಷ್ಟರೊಳಗೆ ಅವರು ಬಾಳೆಲೆ ತರಿಸಬೇಕು.

ಹೊಸ ತಟ್ಟೆಗಳನ್ನು ಅಂಗಳದಲ್ಲಿ ಹರವಿ. ಅಣ್ಣ ಕೂಗಾಡಿದರೆ ಈ ಚೀಟಿ ತೋರಿಸಿ. ಚಿತ್ರಾನ್ನ ಮುಚ್ಚಿಟ್ಟಿದ್ದೇನೆ.

"ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೇ ಮಾರಾಯ್ತಿ?" ಅಂತೀರಲ್ಲ, ಸರಿಯಾಗಿಯೇ ಅಂತೀರಿ. ನಿಮ್ಮ ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿದ್ದ ಮಾತನ್ನು ಇವತ್ತು ಯಾರದೋ ಚಪ್ಪರದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು.

ಸಿರಿ