ನಿಧಾನ ಸಂಘದ ಗುಂಡಿ ಡಬ್ಬಿ

ಮನೆ, ನಿನ್ನ ಹಳೆಯ ಮೇಜು
ಮಾರ್ಚ್ ೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ಏನನ್ನುತ್ತಿದೆ? ಎಡಗಾಲಿನ ವಿಷಯದಲ್ಲಿ ನಿನ್ನದು ಮೊದಲಿನಿಂದಲೂ ಮಲತಾಯಿ ಧೋರಣೆ. ಅದಕ್ಕೂ ಮುಲಾಮು ಹಚ್ಚು. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಹದದಲ್ಲಿದೆ, ನಿದ್ದೆ ಬರುತ್ತದೆ. ಹಿತ್ತಲ ಬಾಗಿಲಿನ ಚಿಲಕ ಕೊನೆಗೂ ರಿಪೇರಿಯಾಯಿತು. ಹನ್ನೊಂದು ವರ್ಷ "ನಾಳೆ ಮಾಡಿಸ್ತೀನಿ" ಎಂದ ನಾನು ಈಗ ದಿನಕ್ಕೆರಡು ಸಲ ಸುಮ್ಮಸುಮ್ಮನೆ ಅದನ್ನು ಹಾಕಿ ತೆಗೆಯುತ್ತಿದ್ದೇನೆ.

ಫೋನ್ ಬಿಟ್ಟು ಪತ್ರ ಯಾಕೆ ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀನು "ಊಟ ಆಯ್ತಾ, ಏನ್ ಮಾಡ್ಕೊಂಡೆ?" ಅನ್ನುತ್ತೀಯ. ನಾನು ಅಡುಗೆಯ ವರದಿ ಒಪ್ಪಿಸುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಹೋದ ವಾರ ನಿನ್ನ ಮಗಳು ಫೋನ್ ಮಾಡಿದ್ದಳು. "ಮಾವ, ಅಮ್ಮ ಮಾತ್ರೇನ ಮೂರ್ಮೂರು ಸಲ ಎಣಿಸ್ತಾಳೆ. ಆಮೇಲೆ ನನಗೆ, 'ನೀನೂ ಒಂದ್ಸಲ ಎಣಿಸಿಬಿಡು, ನನ್ನ ಲೆಕ್ಕ ನಂಬಬೇಡ ಕಣೇ' ಅಂತಾಳೆ" ಎಂದಳು. ಮುಂದಿನ ತಿಂಗಳು ನೆನಪಿನ ಪರೀಕ್ಷೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳಂತೆ. ಮೂವತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ರಕ್ತಕಣ ಎಣಿಸಿದವಳು ನೀನು. ಅಂಥವಳ ಮುಂದೆ ಹತ್ತು ಮಾತ್ರೆ ಯಾವ ಲೆಕ್ಕ ಎಂದುಕೊಳ್ಳುತ್ತಾ ಫೋನ್ ಇಟ್ಟೆ.

ಇನ್ನು ಸುದ್ದಿ. ನಮ್ಮ ನಡಿಗೆಯ ಸಂಘಕ್ಕೆ ಇಪ್ಪತ್ತು ವರ್ಷ ತುಂಬುತ್ತಿದೆ. ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಬೋರ್ಡೂ ಇಲ್ಲ. ಹೀಗಿದ್ದೂ ಇತಿಹಾಸ ಬೇಕಂತೆ. ಹದಿನಾರು ಪುಟದ ಪುಸ್ತಿಕೆ. ಅದನ್ನು ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದು ಟೈಲರು. "ದಿನಾ ಕಂಡೋರ ದೇಶದ ಕಾದಂಬರಿ ಓದ್ತೀರಲ್ಲ, ನಮ್ಮ ಬೀದಿದೂ ಒಂಚೂರು ಬರೀರಿ" ಎಂದರು. ಇಪ್ಪತ್ಮೂರನೇ ತಾರೀಕು ಭಾನುವಾರ, ನಡಿಗೆ ಮುಗಿದ ಮೇಲೆ, ಬೇಕರಿಯ ಮೆಟ್ಟಿಲ ಮೇಲೆ ನಿಂತು ನಾನೇ ಅದನ್ನು ಓದಬೇಕು. ಹದಿನೈದು ಪುಟ ಮುಗಿದಿವೆ. ಒಂದು ಪುಟ ಮಾತ್ರ ಕೈಗೆ ಹತ್ತುತ್ತಿಲ್ಲ. ಯಾವುದೆಂದು ನಿನಗೆ ಗೊತ್ತು. ಅದಕ್ಕೆ ಮೊದಲು ಬರೆದಷ್ಟನ್ನು ನಿನಗೆ ಒಪ್ಪಿಸುತ್ತೇನೆ. ತಪ್ಪಿದ್ದರೆ ತಿದ್ದು.

ಶುರುವಾದದ್ದು ನಿನ್ನ ಮೊಣಕಾಲಿನಿಂದ ಎಂದೇ ಬರೆದಿದ್ದೇನೆ. ಡಾಕ್ಟರು ದಿನಕ್ಕೆ ಒಂದು ಗಂಟೆ ನಡೆಯಿರಿ ಎಂದರು, ಒಬ್ಬಳೇ ನಡೆಯಲು ನಿನಗೆ ಬೇಜಾರು, ನನ್ನನ್ನು ಎಳೆದುಕೊಂಡು ಹೊರಟೆ. ಮೂರನೇ ದಿನ ಎದುರುಮನೆಯ ಕಂಡಕ್ಟರು ಗೇಟಿನ ಹತ್ತಿರ ಕಾಯುತ್ತಿದ್ದರು. ನಿವೃತ್ತರಾಗಿ ತಿಂಗಳಾಗಿತ್ತು. ಕೈಕಾಲು ಸುಮ್ಮನಿರಲಾರದೆ ಮನೆಯಲ್ಲಿ ಹೆಂಡತಿಗೆ "ಮುಂದೆ ಹೋಗಿ, ಮುಂದೆ ಖಾಲಿ ಇದೆ" ಎನ್ನಲು ಶುರುಮಾಡಿದ್ದರಂತೆ. ಆಕೆಯೇ ಹೊರಗೆ ಕಳಿಸಿದ್ದು. ಅವರು "ರೈಟ್, ರೈಟ್" ಎಂದ ಮೇಲೇ ಹೊರಡುವ ರೂಢಿ ಅಂದಿನಿಂದ ಬಂತು. ಅಂಗಡಿಯ ಮುಂದೆ ದಿನಾ ಹಾದುಹೋಗುವ ನಮ್ಮನ್ನು ನೋಡಿ ನೋಡಿ ಟೈಲರು, "ಹಿಂಗೆ ನಡೆದ್ರೆ ಬಸವನಹುಳ ಓವರ್‌ಟೇಕ್ ಮಾಡುತ್ತೆ" ಎಂದು ಗೇಲಿ ಮಾಡುತ್ತಲೇ ಚಪ್ಪಲಿ ಮೆಟ್ಟಿ ಬಂದರು. ನೀನು "ನಿಧಾನವೇ ಪ್ರಧಾನ" ಎಂದು ಉತ್ತರ ಕೊಟ್ಟೆ. ಸಂಘಕ್ಕೆ ಹೆಸರು ಸಿಕ್ಕಿದ್ದು ಹಾಗೆ.

ನಿನ್ನ ದಿನಚರಿ ಪುಸ್ತಕಗಳು ಏಳೂ ನನ್ನ ಮುಂದಿವೆ. ಒಂದೊಂದು ನಡಿಗೆಗೆ ಒಂದೊಂದು ಸಾಲು. "ಎಂಟು ಜನ. ಮೋಡ. ಟೈಲರ ದೂರು." "ಹದಿನಾಲ್ಕು ಜನ. ಎದುರುಗಾಳಿ. ಟೈಲರ ದೂರು." "ಹನ್ನೊಂದು ಜನ. ಬಿಸಿಲು. ಟೈಲರು ಬಂದಿಲ್ಲ, ದೂರಿಲ್ಲ, ಬೇಜಾರು." ಇದನ್ನು ಹಾಗೇ ಅಚ್ಚು ಹಾಕಿಸುತ್ತಿದ್ದೇನೆ. ಟೈಲರಿಗೆ ಓದಿ ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡು, "ನಿಮ್ಮಕ್ಕ ಬದುಕಿರೋರಿಗೂ ಶ್ರದ್ಧಾಂಜಲಿ ಬರೀತಾರೆ" ಎಂದರು.

ಎರಡನೇ ವರ್ಷ ಅವರನ್ನೇ ಅಲ್ಲವೇ ನಾವು ಪಾರ್ಕಿನೊಳಗೆ ಮರೆತು ಬಂದದ್ದು. ಕಾವಲುಗಾರ ಬೀಗ ಹಾಕಿಕೊಂಡು ಹೋಗಿದ್ದ. ಟೈಲರು ಗೇಟು ಹತ್ತಿ ಇಳಿಯುವಾಗ ತಾವೇ ಹೊಲಿದ ಪ್ಯಾಂಟು ಮೊಣಕಾಲಿನಿಂದ ಮೇಲಕ್ಕೆ ಸೀಳಿತು. ಮಾರನೆಯ ದಿನ ಒಂದು ಬಿಸ್ಕತ್ತಿನ ಡಬ್ಬಿ ತಂದು ನಿನ್ನ ಕೈಗಿಟ್ಟರು. ಒಳಗೆ ಕೋಟಿಗೆ ಹಾಕುವ ದೊಡ್ಡ ಗುಂಡಿಗಳು, ಎಣಿಸಿ ನಲವತ್ತು. ಹೊರಡುವಾಗ ಒಬ್ಬೊಬ್ಬರೂ ಒಂದೊಂದು ಗುಂಡಿ ತೆಗೆದುಕೊಂಡು ಜೇಬಿಗೆ ಹಾಕಬೇಕು, ವಾಪಸು ಬಂದಾಗ ಡಬ್ಬಿಗೆ ಹಾಕಬೇಕು. ನಲವತ್ತೂ ಕೂಡಿದರೆ ಎಲ್ಲರೂ ಬಂದ ಹಾಗೆ. ಒಂದು ಕಡಿಮೆಯಾದರೆ ಯಾರೋ ಹಿಂದೆ ಉಳಿದಿದ್ದಾರೆ, ಹುಡುಕಲು ಹೋಗಬೇಕು. ಡಬ್ಬಿ ನಿನ್ನದು. ಬಾಯಲ್ಲಿ ಎಣಿಸದೆ ಬೆರಳ ತುದಿಯಲ್ಲಿ ಎರಡೆರಡಾಗಿ ಸರಿಸುತ್ತಿದ್ದೆ. ಮುಚ್ಚಳ ಟಕ್ಕೆಂದು ಬಿದ್ದ ಮೇಲೆಯೇ ಎಲ್ಲರೂ ಮನೆಗೆ. ಜೊತೆಗೆ ಹಳದಿ ಕೊಡೆಯ ನಿಯಮವನ್ನೂ ನೀನೇ ತಂದೆ: ಸಾಲಿನ ಕಟ್ಟಕಡೆಗೆ ನಡೆಯುವವರ ಕೈಯಲ್ಲಿ ಹಳದಿ ಕೊಡೆ, ಕೊಡೆಯ ಹಿಂದೆ ಯಾರೂ ಇರಕೂಡದು. ಆ ಕೆಲಸ ನನಗೆ ಬಂತು, ಯಾಕೆಂದರೆ ನನಗಿಂತ ನಿಧಾನ ನಡೆಯುವವರು ಸಂಘದಲ್ಲೇ ಇರಲಿಲ್ಲ. ನಡೆಯುತ್ತಾ ಓದುತ್ತಿದ್ದೆನಲ್ಲ. "ಬೇರೆ ದೇಶದೋರ ಕಷ್ಟ ಓದ್ತಾ ಪಕ್ಕದೋರ ಕಾಲು ತುಳೀಬೇಡ ಕಣೋ" ಎಂದು ನೀನು ಎಷ್ಟು ಸಲ ಬೈದಿದ್ದೀಯ.

ವಾಚ್ ರಿಪೇರಿ ತಾತ ಸೇರಿದ್ದು ಒಂಬತ್ತನೇ ವರ್ಷ. ಒಂಟಿ ಮನುಷ್ಯ, ಊರಿಗೆಲ್ಲ ಟೈಮ್ ಸರಿಮಾಡಿಕೊಟ್ಟು ತಾನು ಮಾತ್ರ ಯಾವಾಗಲೂ ಹತ್ತು ನಿಮಿಷ ಲೇಟು. ಜೇಬಿನಲ್ಲಿ ಸದಾ ಸಣ್ಣ ಸ್ಕ್ರೂಡ್ರೈವರು, ಚಿಮುಟ. ಹಾಗಾಗಿ ಒಂದು ಜೇಬೂ ನೆಟ್ಟಗಿರಲಿಲ್ಲ. "ತಾತಾ, ಇದು ಜೇಬಲ್ಲ, ಜರಡಿ" ಎಂದು ಟೈಲರು ಅಂಗಡಿಗೆ ಕರೆದು ಹೊಲಿದುಕೊಟ್ಟರೂ ತಿಂಗಳು ಬಾಳುತ್ತಿರಲಿಲ್ಲ. ಇಷ್ಟೂ ಬರೆದಾಗಿದೆ.

ಉಳಿದದ್ದು ಆರು ವರ್ಷದ ಹಿಂದಿನ ಆ ಭಾನುವಾರ. ಇಪ್ಪತ್ತೆರಡು ಜನ, ಒಣ ಗಾಳಿ. ನಿನ್ನ ಪುಸ್ತಕದಲ್ಲಿ ಅಷ್ಟೇ ಇದೆ. ಹಳೆಯ ರೈಲು ದಾರಿಯ ಗುಂಟ ಇಟ್ಟಿಗೆ ಕಾರ್ಖಾನೆಯವರೆಗೆ ಹೋಗಿ ಬಂದೆವು. ಬರುವಾಗ ಪಾಳುಬಿದ್ದ ಸಿಗ್ನಲ್ ಮನೆಯ ಹತ್ತಿರ ತಾತ ಚಪ್ಪಲಿಯೊಳಗಿನ ಕಲ್ಲು ತೆಗೆಯಲು ಕೂತರು. "ನೀವು ನಡೀತಿರಿ, ಬಂದೆ" ಎಂದರು. ನನ್ನ ಪುಸ್ತಕದಲ್ಲಿ ಕೊನೆಯ ಅಧ್ಯಾಯ ಬಾಕಿಯಿತ್ತು. ನಾನು ನಿಧಾನಕ್ಕೆ ನಡೆದೆ, ಹಿಂದಿರುಗಿ ನೋಡಲಿಲ್ಲ. ಏಳುವಾಗ ಅವರ ಪಾದ ಉಳುಕಿತು. ಕೂಗಿದರಂತೆ, ಗಾಳಿಗೆ ಕೇಳಿಸಲಿಲ್ಲ. ಇಲ್ಲಿ ಬೇಕರಿಯ ಮೆಟ್ಟಿಲ ಮೇಲೆ ನೀನು ಡಬ್ಬಿ ಎಣಿಸಿದೆ, ನಲವತ್ತು ಎಂದೆ, ಮುಚ್ಚಳ ಹಾಕಿದೆ. ಕಾರ್ಖಾನೆಯ ಕಾವಲಿನವನ ಕಣ್ಣಿಗೆ ತಾತ ಬಿದ್ದದ್ದು ಸಾಯಂಕಾಲ ನಾಲ್ಕಕ್ಕೆ. ಅಷ್ಟು ಹೊತ್ತು ಬಿಸಿಲಲ್ಲಿ, ನೀರಿಲ್ಲದೆ. ಹನ್ನೊಂದು ದಿನ ಆಸ್ಪತ್ರೆ.

ಮಾರನೆಯ ದಿನ ಟೈಲರ ಅಂಗಡಿಯಲ್ಲಿ ಎಲ್ಲರೂ ಸೇರಿದ್ದೆವು. ಡಬ್ಬಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರಿದು ಕಂಡಕ್ಟರು ಎಣಿಸಿದರು. ಮೂವತ್ತೊಂಬತ್ತು. ಎರಡನೇ ಸಲ ಎಣಿಸಿದರು, ಮೂವತ್ತೊಂಬತ್ತೇ. ತಾತನ ಗುಂಡಿ ಹರಿದ ಜೇಬಿನಿಂದ ದಾರಿಯಲ್ಲಿ ಬಿದ್ದಿರಬೇಕು, ನಿನ್ನ ಲೆಕ್ಕ ಒಂದು ತಪ್ಪಿರಬೇಕು ಎಂದಾಯಿತು. ಟೈಲರು ನನ್ನ ಕಡೆ ತಿರುಗಿ, "ಕೊಡೆ ಹಿಡಿದೋರು ಏನ್ ಮಾಡ್ತಿದ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ಅಡ್ಡ ಬಂದೆ. "ಕೊಡೆ ತಪ್ಪಿದ್ರೂ ಡಬ್ಬಿ ಹಿಡೀಬೇಕಿತ್ತು. ಡಬ್ಬಿ ನನ್ನ ಕೈಲಿತ್ತು" ಎಂದೆ. ಆ ಮೇಲೆ ನೀನು ಡಬ್ಬಿ ಮುಟ್ಟಲಿಲ್ಲ. ಎರಡು ತಿಂಗಳಿಗೆ, "ನನಗೆ ಲೆಕ್ಕ ತಪ್ತಾ ಇದೆ ಕಣೋ, ಒಬ್ಬಳೇ ಗ್ಯಾಸ್ ಹಚ್ಚೋಕೂ ಭಯ" ಎಂದು ಮಗಳ ಮನೆಗೆ ಹೊರಟೆ. ಬಸ್ಸಿಗೆ ಹತ್ತಿಸಲು ಬಂದ ಕಂಡಕ್ಟರು ಅಂದು "ರೈಟ್" ಎನ್ನದೆ ಬಸ್ಸಿನ ಮೈಯನ್ನು ಎರಡು ಸಲ ತಟ್ಟಿದರು.

ತಾತ ಅದಾದ ಮೇಲೂ ಮೂರು ವರ್ಷ ಕೋಲು ಹಿಡಿದು ನಮ್ಮ ಜೊತೆ ನಡೆದರು. ಹೋದದ್ದು ನಿದ್ದೆಯಲ್ಲಿ. ಡಬ್ಬಿ ಈಗ ಕಂಡಕ್ಟರ ಹತ್ತಿರವಿದೆ. ಮೂವತ್ತೊಂಬತ್ತು ಬಂದರೆ ಎಲ್ಲರೂ ಬಂದರು ಎಂದು ಲೆಕ್ಕ. ಹೊಸಬರು ಮೂವತ್ತೊಂಬತ್ತೇ ಯಾಕೆ ಎಂದು ಕೇಳುತ್ತಾರೆ. ಕಂಡಕ್ಟರು "ಒಂದು ಕಳೆದುಹೋಯ್ತಪ್ಪ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ. ನಿನ್ನ ಹೆಸರು ಬರಬಾರದೆಂದು. ಇಲ್ಲಿ ಎಲ್ಲರಿಗೂ ನಿನ್ನ ಮೇಲೆ ಅಷ್ಟು ಪ್ರೀತಿ.

ಮಗಳಿಗೂ ಅಳಿಯನಿಗೂ ನನ್ನ ನೆನಪು ಹೇಳು. ಮೊಮ್ಮಗಳ ಹಲ್ಲು ಬಂತೇ? ಅವಳಿಗೆ ಈ ಅಜ್ಜನ ಒಂದು ಮುತ್ತು. ಟೈಲರು ನಿನಗೆ ದೂರು ತಿಳಿಸಲು ಹೇಳಿದ್ದಾರೆ. ಏನು ದೂರು ಎಂದರೆ, ಕೇಳೋರಿಲ್ಲ ಅನ್ನೋದೇ ದೂರು ಎಂದರು. ಕಾಲು ಜೋಪಾನ.

ನಿನ್ನ ತಮ್ಮ

ಮತ್ತೊಂದು ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕವರಿನೊಳಗೆ ಕಾಗದದಲ್ಲಿ ಸುತ್ತಿದ ಒಂದು ಕಂದು ಗುಂಡಿ ಇದೆ, ನೋಡು. ಅದು ಕಳೆದಿರಲಿಲ್ಲ. ಆ ಬೆಳಿಗ್ಗೆ ಹೊರಡುವಾಗಲೇ ತಾತ, "ನನ್ನ ಜೇಬು ನಿಮಗೆ ಗೊತ್ತಲ್ಲ, ಇಟ್ಕೊಂಡಿರಿ" ಎಂದು ತಮ್ಮ ಗುಂಡಿಯನ್ನು ನನಗೆ ಕೊಟ್ಟಿದ್ದರು. ವಾಪಸು ಬಂದಾಗ ಓದುವ ಗುಂಗಿನಲ್ಲಿ ಜೇಬಿನಲ್ಲಿದ್ದ ನನ್ನದು, ತಾತನದು ಎರಡನ್ನೂ ಡಬ್ಬಿಗೆ ಹಾಕಿದೆ. ನೀನು ನಲವತ್ತು ಎಂದೆ. ನಲವತ್ತೇ ಇತ್ತು. ತಾತ ಸಿಕ್ಕ ಸುದ್ದಿ ಬಂದ ಸಂಜೆ, ನೀನು ಆಸ್ಪತ್ರೆಗೆ ಓಡಿದಾಗ, ಇದೇ ಮೇಜಿನ ಮೇಲೆ ನಾನು ಡಬ್ಬಿ ಸುರಿದು ಎಣಿಸಿದೆ. ನಲವತ್ತೇ ಇದ್ದರೆ ತಾತನ ಗುಂಡಿ ಹಾಕಿದವರು ಯಾರೆಂದು ಕೇಳುತ್ತಾರಲ್ಲ ಎಂದು ಒಂದನ್ನು ತೆಗೆದು ಡ್ರಾಯರಿಗೆ ಹಾಕಿದೆ. ಅದು ಹೆದರಿಕೆ, ಬೇರೇನೂ ಅಲ್ಲ. ಆಸ್ಪತ್ರೆಯಲ್ಲಿ ಮೂರನೇ ದಿನ ತಾತ ನನ್ನೊಬ್ಬನಿಗೇ ಹೇಳಿದರು: "ನನ್ನ ಗುಂಡಿ ನಿಮ್ಮ ಹತ್ರ ಇತ್ತಲ್ಲ, ಹೆಂಗೂ ಬರ್ತೀರಿ ಅಂತ ಸುಮ್ನೆ ಕೂತಿದ್ದೆ." ನನ್ನ ಮುಖ ನೋಡಿ ಅವರು ಮತ್ತೆ ಆ ಮಾತು ಎತ್ತಲಿಲ್ಲ, ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ಹದಿನಾರನೇ ಪುಟದಲ್ಲಿ ಇದನ್ನೇ ಬರೆಯುತ್ತೇನೆ, ಇಪ್ಪತ್ಮೂರಕ್ಕೆ ಎಲ್ಲರ ಮುಂದೆ ಓದುತ್ತೇನೆ. ಬಾ ಎಂದು ಕರೆಯಲು ನನಗೆ ಮುಖವಿಲ್ಲ. ಗುಂಡಿಯನ್ನು ನೀನೇ ತಂದು ಹಾಕುತ್ತೀಯೋ, ಅಂಚೆಯಲ್ಲಿ ಕಳಿಸುತ್ತೀಯೋ, ಬಿಸಾಡುತ್ತೀಯೋ, ನಿನ್ನಿಷ್ಟ. ಮಾತ್ರೆ ಮಾತ್ರ ಇವತ್ತಿನಿಂದ ಒಂದೇ ಸಲ ಎಣಿಸು.