ಕುರ್ಚಿ ಮಗುಚಿ ಆರಿಸಿದ ಊಟ

ಅಕ್ಕನಿಗೆ ನಮಸ್ಕಾರ. ನಿನ್ನೆ ನಮ್ಮ ಮದುವೆಯ ವಾರ್ಷಿಕೋತ್ಸವ, ಇವರು ತೀರಿಹೋದ ಮೇಲೆ ಮೊದಲನೆಯದು. ನನಗೆ ಊಟ ಸೇರುತ್ತಿಲ್ಲವೆಂದು ನಮ್ಮ ತಮ್ಮ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದ. ಅವನಿಗೆ ಬಂದರಿನ ಕಡೆಯ ಶ್ರೀಮಂತರ ಬೀದಿಯ ಹೋಟೆಲೇ ಆಗಬೇಕು, ಅವನ ಹೆಂಡತಿಗೆ ಗುಡ್ಡದ ಮೇಲಿನ ಬಂಗಲೆಗಳ ಬಡಾವಣೆಯದು. ಜಗಳ ಮುಗಿಯದೆ ತೀರ್ಮಾನ ನನ್ನ ತಲೆಗೆ ಬಂತು.

ಬಡಗಿಯ ಹೆಂಡತಿಗೆ ಇನ್ನೇನು ಗೊತ್ತು? ಇವರು ಹೋದಲ್ಲೆಲ್ಲ ಮಾಡುತ್ತಿದ್ದಂತೆ ಬೆಳಿಗ್ಗೆಯೇ ಎರಡೂ ಕಡೆ ಹೋಗಿ ಕುರ್ಚಿ ಮಗುಚಿ ನೋಡಿದೆ. “ಅಕ್ಕಾ, ನನ್ನ ಮಾನ ಕಳೀಬೇಡ ಕಣೇ!” ಎನ್ನುತ್ತ ಕಂಬದ ಹಿಂದೆ ಅಡಗಿದ ತಮ್ಮ. ಬಂದರಿನಲ್ಲಿ ಬರೀ ಮೊಳೆ, ಅಂಟು. ಗುಡ್ಡದಲ್ಲಿ ಮೊಳೆಯಿಲ್ಲದೆ ಮರಕ್ಕೆ ಮರ ಕೂಡಿಸಿದ್ದರು. ಗುಡ್ಡವೇ ಗೆದ್ದಿತು.

ಸಂಜೆ ಹೋದರೆ, ಬಿಳಿ ಕೈಗವಸಿನ ಸಪ್ಲೈಯರ್ ಬೆಳಿಗ್ಗೆ ಬಂದವಳೆಂದು ನನ್ನ ಗುರುತು ಹಿಡಿದು, ತಾನೇ ಕುರ್ಚಿ ಮಗುಚಿ ಹಿಡಿದ. “ನೋಡ್ಕೊಳ್ಳಿ ಅಮ್ಮಾ, ಆಮೇಲೆ ಕೂತ್ಕೊಳ್ಳಿ.” ಅದೇನೋ ಅಲ್ಲಿಯ ಪದ್ಧತಿ ಎಂದುಕೊಂಡು ಪಕ್ಕದ ಮೇಜಿನ ಸೂಟಿನವರೂ ಎದ್ದು ತಂತಮ್ಮ ಕುರ್ಚಿ ಮಗುಚಿದರು!

ಇವರಿದ್ದಿದ್ದರೆ ಅಷ್ಟೂ ಕುರ್ಚಿ ನೋಡಿ ಮುಗಿಸುವವರೆಗೆ ನಮಗೆ ಊಟ ಸಿಗುತ್ತಿರಲಿಲ್ಲ. ನಾನು ಎರಡು ಸಲ ಬಡಿಸಿಕೊಂಡೆ. ನನ್ನ ಮಂಡಿನೋವು ಈಗ ಕಡಿಮೆ. ಅಂಚೆ ಕಾರ್ಡು ತುಂಬಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ತಂಗಿ