ಹೆಸರ ಹೇಳಿ ಒಳಗ ಬಾ

ಟೊರೆನ್ಸ್,
ಅಕ್ಟೋಬರ್ 2008

ನನ್ನ ಮುದ್ದಿನ ಊರ್ಮಿಳಾ,

ಅವ್ವನ ಕಾಗದ ಬಂತೆಂದು ಗಾಬರಿಯಾಗಬೇಡ. ಎಲ್ಲರೂ ಆರಾಮವಾಗಿದ್ದೇವೆ. ಫೋನ್ ಮಾಡಬಹುದಿತ್ತು. ಆದರೆ ನಾನು ಕನ್ನಡದಲ್ಲಿ ಕೇಳುವುದು, ನೀನು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಹೇಳಬೇಕಾದದ್ದು ನಡುವೆ ಎಲ್ಲೋ ಸೋರಿಹೋಗುವುದು ನೀನು ಮಾತು ಕಲಿತಂದಿನಿಂದ ನಡೆದೇ ಇದೆ. ರವಿವಾರ ಬೆಳಿಗ್ಗೆ ಕಾರ್ಟೂನು ಬಂದ್ ಮಾಡಿಸಿ ನಿನಗೆ ಅಕ್ಷರ ತಿದ್ದಿಸಿದ್ದು ಮತ್ತೆ ಯಾತಕ್ಕೆ? ಬೆರಳಿಟ್ಟುಕೊಂಡು ಓದು. ಅವಸರವೇನಿಲ್ಲ.

ನಿನ್ನೆ ನಿನ್ನ ಶಾಲಾ ಮಂಡಳಿಯ ಸಭೆ ಮುಗಿಸಿ ಹೊರಟಾಗ ನಿನ್ನನ್ನು ತಬ್ಬಿಕೊಂಡು ಏನೇನೋ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು 'ಊಟಾ ಮಾಡಿ ಮಲಗು' ಅಂತ ಒಂದೇ ಮಾತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಆಗಸ್ಟಿನಲ್ಲಿ ನಿನ್ನ ಮದುವೆಯಾಯಿತು. ನಾನು ತೊಡಿಸಿದ ಹಸಿರು ಬಳೆಗಳನ್ನು ತೆಗೆಯದೆ ನೀನು ಎರಡನೆಯ ತರಗತಿಗೆ ಪಾಠ ಹೇಳಲು ಹೋದೆ. ಮಕ್ಕಳ ಕಣ್ಣು ತಪ್ಪಿಸಲಾದೀತೇ? ಬಳೆ ಯಾಕೆ ಎಂದು ಕೇಳಿದರು, ಮದುವೆಯಾಯಿತು ಎಂದೆ. ಯಾರ ಜೊತೆ ಎಂದರು, ಮಾರಿಸೋಲ್ ಎಂದೆ. ಅಷ್ಟೇ. ಮಕ್ಕಳು ಮುಂದಿನ ಲೆಕ್ಕಕ್ಕೆ ಹೋದರಂತೆ. ದೊಡ್ಡವರು ಅಲ್ಲೇ ನಿಂತುಬಿಟ್ಟರು. ಹೆಂಗಸು ಹೆಂಗಸನ್ನು, ಗಂಡಸು ಗಂಡಸನ್ನು ಕಟ್ಟಿಕೊಂಡ ಮಾತು ತರಗತಿಯಲ್ಲಿ ಯಾವ ಶಿಕ್ಷಕರ ಬಾಯಿಂದಲೂ ಬರಕೂಡದು ಎಂದು ಮಂಡಳಿಯವರು ನಿಯಮ ಮಾಡಲು ಹೊರಟರು. ಮೀರಿದರೆ ಕೆಲಸಕ್ಕೇ ಸಂಚಕಾರ. ಪಕ್ಕದ ತರಗತಿಯ ಮಾಸ್ತರರು ಮಾತ್ರ ಮೇಜಿನ ಮೇಲೆ ಹೆಂಡತಿಯ ಫೋಟೋ ಇಟ್ಟುಕೊಂಡು ದಿನಾ ಅವಳ ಅಡಿಗೆಯ ಸುದ್ದಿ ಹೇಳಬಹುದು.

ಮುಂದಿನ ತಿಂಗಳು ರಾಜ್ಯದಲ್ಲಿ ನಿಮ್ಮಂಥವರ ಮದುವೆ ನಡೆಯಬೇಕೋ ಬೇಡವೋ ಎಂದೇ ಮತದಾನ. ಟೀವಿ ಹಚ್ಚಿದರೆ ಪ್ರಚಾರದ ಜಾಹೀರಾತಿನಲ್ಲೂ ಅದೇ ಶಾಲೆ, ಅದೇ ಮಕ್ಕಳು, ಅದೇ ಹೆದರಿಕೆ. ಕನ್ನಡ ಸಂಘದ ಊಟದಲ್ಲಿ ರಾಜಲಕ್ಷ್ಮಿ ಆಂಟಿ ನನ್ನ ತಟ್ಟೆಗೆ ಪಲ್ಯ ಬಡಿಸುತ್ತಲೇ ಕೇಳಿದರು: "ಮದ್ವೆ ಆಯ್ತು, ಸರಿ ರೀ. ಸ್ಕೂಲಲ್ಲಿ ಹೆಸರು ಯಾಕೆ ಹೇಳ್ಬೇಕು? ನೀವೇ ನಿಮ್ಮ ಯಜಮಾನ್ರ ಹೆಸರು ಹೇಳಲ್ವಲ್ಲ!"

ಪಲ್ಯ ಸಾಕು ಎಂದು ತಟ್ಟೆ ಸರಿಸಿಕೊಂಡೆ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಿನ್ನ ಅಪ್ಪನ ಹೆಸರು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಈ ದೇಶಕ್ಕೆ ಬಂದಿಳಿದ ದಿನ ವಿಮಾನ ನಿಲ್ದಾಣದ ಅಧಿಕಾರಿ ಗಂಡನ ಹೆಸರೇನು ಎಂದು ಕೇಳಿದಾಗ ಸುಮ್ಮನೆ ನಕ್ಕು ಮದುವೆಯ ಫೋಟೋ ಮುಂದೆ ಸರಿಸಿದವಳು ನಾನು. ನನ್ನನ್ನು ಮೂಗಿ ಎಂದುಕೊಂಡು ಆತ ಕೈಸನ್ನೆಯಲ್ಲೇ ಮಾತಾಡಿಸಿದ. ಈ ಕತೆ ಹೇಳಿದಾಗಲೆಲ್ಲ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅದರ ಇನ್ನೊಂದು ಅರ್ಧವನ್ನೂ ಹೇಳುತ್ತಿದ್ದೆ, ನಿನ್ನ ತಲೆಗೆ ಎಣ್ಣೆ ಹಚ್ಚುವಾಗ. ಜಮಖಂಡಿಯಲ್ಲಿ ನಾನು ಮದುಮಗಳಾಗಿ ಬಂದಾಗ ನಾದಿನಿಯರು ಹೊಸ್ತಿಲ ಮೇಲೆ ಕೈ ಅಡ್ಡ ಹಿಡಿದು ನಿಂತಿದ್ದರು. "ಹೆಸರ ಹೇಳಿ ಒಳಗ ಬಾ." ಬರೀ ಗಂಡನ ಹೆಸರು ಹೇಳಿದರೆ ನಡೆಯದು, ಅದನ್ನು ಪ್ರಾಸದೊಳಗೆ ಕಟ್ಟಿ ಒಡಪು ಹೇಳಬೇಕು. ನಾಚಿಕೆಯಿಂದ ಸಾಯುತ್ತ ಹೇಳಿದೆ:

ಹೊಲದಾಗ ಬಿಳಿಜ್ವಾಳದ ತೆನಿ,
ಗಡಿಗ್ಯಾಗ ಹಾಲಿನ ಕೆನಿ,
ಬಾಳಾಸಾಹೇಬರು ಎಲ್ಲಿರ್ತಾರೋ ಅಲ್ಲೇ ನನ್ನ ಮನಿ.

ಇಡೀ ಓಣಿ ಹೋ ಎಂದು ಕೂಗಿತು. ನೀನು ಬಾಚಣಿಗೆ ಕಸಿದುಕೊಂಡು ಓಡಿಹೋಗುವ ಹುಡುಗಿ. ಇದೆಲ್ಲ ನಿನ್ನ ಕಿವಿಗೆ ಎಲ್ಲಿ ಬಿದ್ದಿದ್ದೀತು ಎಂದುಕೊಂಡಿದ್ದೆ.

ನಿನ್ನೆ ನಿನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತೆಯಲ್ಲ, ಬಳೆ ತೊಟ್ಟೇ ನಿಂತೆ. ಇಂಗ್ಲಿಷಿನಲ್ಲೇ ಆರಂಭಿಸಿದೆ. ನಮ್ಮ ಅವ್ವ ಗಂಡನ ಹೆಸರು ಹೇಳುವುದಿಲ್ಲ, ಅದು ಅವಳ ಮನಸ್ಸು, ಕಾಯಿದೆ ಮಾಡಿ ಯಾರೂ ಅವಳ ಬಾಯಿ ಕಟ್ಟಿಲ್ಲ ಎಂದೆ. ಅವಳ ಊರಿನಲ್ಲಿ ಹೆಸರು ಹೇಳುವ ತನಕ ಒಳಗೆ ಬಿಡುವುದಿಲ್ಲ, ನಾನು ಹೆಸರು ಹೇಳಿದ್ದಕ್ಕೆ ನೀವು ನನ್ನನ್ನು ಹೊರಗೆ ಹಾಕಬೇಕೆಂದಿದ್ದೀರಿ ಎಂದೆ. ರಾಜಲಕ್ಷ್ಮಿಯವರಿಗೆ ಕೊಡಲಾಗದ ನನ್ನ ಉತ್ತರ ನಿನ್ನ ಬಾಯಲ್ಲಿತ್ತು! ಆಮೇಲೆ, ತಾಯಿ, ಆ ಕೋಟು ಟೈಗಳ ಮುಂದೆ ಜಮಖಂಡಿಯ ಕನ್ನಡದಲ್ಲಿ ಹೇಳಿಯೇಬಿಟ್ಟೆ. ಹೊಲದಾಗ ಬಿಲಿಜ್ವಾಲದ ತೆನಿ, ಗಡಿಗ್ಯಾಗ ಹಾಲಿನ ಕೆನಿ, ಮಾರಿಸೋಲ್ ಎಲ್ಲಿರ್ತಾಳೋ ಅಲ್ಲೇ ನನ್ನ ಮನಿ.

ಬಿಳಿಜೋಳ ನಿನ್ನ ನಾಲಿಗೆಯಲ್ಲಿ ಬಿಲಿಜ್ವಾಲವಾಯಿತು. ಆಗಲಿ ಬಿಡು. ಜೋಳದ ತೆನೆಯನ್ನೇ ಕಾಣದ ಹುಡುಗಿ ಅಷ್ಟು ಹೇಳಿದ್ದು ಕಡಿಮೆಯೇ? ಅಧ್ಯಕ್ಷರು ಅರ್ಥ ಕೇಳಿದರು, ನೀನು ನಿಧಾನವಾಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ನನ್ನ ಎದೆ ಉಬ್ಬಿ ರವಿಕೆ ಬಿಗಿಯಾಯಿತು. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ 'ಮೈ ಡಾಟರ್, ಮೈ ಡಾಟರ್' ಎಂದು ಎರಡು ಸಲ ಹೇಳಿದೆ. ಆಕೆ ನಿಯಮದ ಪರವಾಗಿ ಬಂದವಳಂತೆ! ನನಗೇನು ಗೊತ್ತು?

ಸಭೆಯಿಂದ ವಾಪಸು ಬರುವಾಗ ನಿನ್ನ ಅಪ್ಪ ಫ್ರೀವೇಯುದ್ದಕ್ಕೂ ರೇಡಿಯೋ ಹಚ್ಚಲಿಲ್ಲ. ಮನೆ ಹತ್ತಿರ ಬಂದಾಗ ಒಮ್ಮೆಲೇ ಅಂದರು: "ನನ್ನ ಹೆಸರ ತಗದು ಅಕಿ ಹೆಸರ ಹಾಕಿಬಿಟ್ಟಾಳ ನೋಡು. ನಾ ಇನ್ನ ಎಲ್ಲಿಗೆ ಹೋಗ್ಲಿ?" ನಗುತ್ತಲೇ ಅಂದರು. ಆಮೇಲೆ ಗಾಡಿ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಇವತ್ತು ಬೆಳಿಗ್ಗೆ ನಾನೇ ರಾಜಲಕ್ಷ್ಮಿ ಆಂಟಿಗೆ ಫೋನ್ ಮಾಡಿ ಒಡಪು ಸಮೇತ ಎಲ್ಲ ಹೇಳಿದೆ. ಅವರು "ಇನ್ನೊಂದ್ಸಲ ಹೇಳಿ" ಎಂದರು.

ಮಂಡಳಿಯವರು ತೀರ್ಮಾನವನ್ನು ಮುಂದಕ್ಕೆ ಹಾಕಿದ್ದಾರೆ. ಏನು ಮಾಡುತ್ತಾರೋ, ಮುಂದಿನ ತಿಂಗಳ ಮತದಾನ ಏನಾಗುತ್ತದೋ ನನಗೆ ತಿಳಿಯದು. ಹೆದರಿಕೆಯೂ ಇದೆ, ಮುಚ್ಚಿಡುವುದಿಲ್ಲ. ಆದರೆ ಹೊಟ್ಟೆಪಾಡಿಗೆ ಅಂಜಿ ಆ ಹುಡುಗಿಯ ಹೆಸರನ್ನು ನುಂಗಿಕೊಳ್ಳದ ಮಗಳನ್ನು ಹೆತ್ತಿದ್ದೇನೆ. ಅದನ್ನು ಇನ್ನು ಯಾವ ಮತದಿಂದಲೂ ಬದಲಾಯಿಸಲಾಗದು.

ಈಗ ಮುಖ್ಯ ವಿಷಯ. ಮದುವೆಯ ದಿನ ಕಚೇರಿಯಲ್ಲಿ ಸಹಿ ಹಾಕಿ ನೀವಿಬ್ಬರೂ ನೇರ ನಿಮ್ಮ ಮನೆಗೇ ಹೋದಿರಿ. ನಮ್ಮ ಹೊಸ್ತಿಲ ಶಾಸ್ತ್ರ ಹಾಗೇ ಉಳಿದಿದೆ. ದೀಪಾವಳಿಗೆ ಬನ್ನಿ. ಬಾಗಿಲಿಗೆ ಕೈ ಅಡ್ಡ ಹಿಡಿದು ನಾನೇ ನಿಂತಿರುತ್ತೇನೆ. ಮಾರಿಸೋಲ್‌ಗೂ ಒಂದು ಒಡಪು ಕಲಿಸು, ಸ್ಪ್ಯಾನಿಷ್‌ನಲ್ಲಾದರೂ ಸರಿ, ನಿನ್ನ ಹೆಸರು ಇರಬೇಕು. ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳಬೇಕು. ಹೇಳದಿದ್ದರೆ ಹೋಳಿಗೆ ಒಳಗೆ, ನೀವು ಹೊರಗೆ.

ಇಬ್ಬರ ಕೈತುಂಬ ಹಸಿರು ಬಳೆ ಇರಲಿ, ನೂರು ವರ್ಷ ಒಬ್ಬರ ಹೆಸರು ಒಬ್ಬರ ಬಾಯಲ್ಲಿರಲಿ.

ಬಾಗಿಲಲ್ಲಿ ಕಾದು ನಿಂತಿರುವ
ನಿನ್ನ ಅವ್ವ,
ಗುರುಶಾಂತವ್ವ